ಲೇಖನಗಳ ಕಂತೆ, ಪ್ರಬಂಧದ ವಾದ

ಪ್ರತ್ಯೇಕ ಲೇಖನಗಳನ್ನು ಜೋಡಿಸಿ ರೂಪಿಸುವ ಪಿಎಚ್.ಡಿ. ಮಹಾಪ್ರಬಂಧಗಳಲ್ಲಿ ಪುನರುಕ್ತಿ ಸಣ್ಣ ದೋಷ. ಸಂಪಾದನೆಯಲ್ಲಿ ಅದು ಹೋಗುತ್ತದೆ. ಒಂದೇ ರೂಪವನ್ನು ಪ್ರತಿ ಲೇಖನವೂ ಬೇರೆಯಾಗಿ ವ್ಯಾಖ್ಯಾನಿಸಿದ್ದರೆ ಮಾತ್ರ ತೊಡಕು ಆಳವಾದುದು. ಕನ್ನಡದ ‘ಕೊಳ್ಳು’ ಕುರಿತು ಮೂರು ಲೇಖನಗಳನ್ನು ಯೋಜಿಸುವ ವಿದ್ಯಾರ್ಥಿಯನ್ನು ಊಹಿಸೋಣ. ‘ಹುಡುಗ ತನ್ನನ್ನು ತಾನೇ ಹೊಡೆದುಕೊಂಡ’ ಎಂಬಲ್ಲಿ ಅದು ಆತ್ಮಾರ್ಥಕ. ‘ಬಾಗಿಲು ತೆರೆದುಕೊಂಡಿತು’ ಎಂಬಲ್ಲಿ ಸಕರ್ಮಕವನ್ನು ಅಕರ್ಮಕವಾಗಿಸುವ ಸಾಧನ. ‘ಅನ್ನ ಬಡಿಸಿಕೊಂಡಳು’ ಎಂಬಲ್ಲಿ ಕ್ರಿಯೆಯ ಫಲ ಕರ್ತೃವಿಗೇ ಸಲ್ಲುವುದನ್ನು ಸೂಚಿಸುವ ಸಹಾಯಕ ಕ್ರಿಯಾಪದ. ಮೂರೂ ಲೇಖನಗಳು ತಂತಮ್ಮ ಪರಿಶೀಲಕರನ್ನು ಒಪ್ಪಿಸಿಯಾವು. ಒಂದೇ ರಟ್ಟಿನೊಳಗೆ ಬಂದಾಗ, ಇವು ಒಂದೇ ‘ಕೊಳ್ಳು’ವೋ ಸಮರೂಪಿಗಳೋ ಎಂಬ ಪ್ರಶ್ನೆಗೆ ಯಾವ ಅಧ್ಯಾಯವೂ ಹೊಣೆಯಾಗುವುದಿಲ್ಲ. ಮಹಾಪ್ರಬಂಧದ ವಿಷಯ ಆ ಪ್ರಶ್ನೆಯೇ ಅಲ್ಲವೆ?

ಆದುದರಿಂದ ಪ್ರಸ್ತಾವನೆಯನ್ನು ಕೊನೆಯ ತಿಂಗಳಿಗೆ ಬಿಡುವ ರೂಢಿಯನ್ನು ನಾವು ಒಪ್ಪಲಾರೆವು. ಸಮಾನ ವಾಕ್ಯಸಂಗ್ರಹ, ಒಂದೇ ರೂಪವಿಶ್ಲೇಷಣಾ ಕ್ರಮ, ಯಾವ ದತ್ತಾಂಶ ಸಿಕ್ಕರೆ ಏಕತೆಯ ಊಹೆ ಬೀಳುತ್ತದೆಂಬ ನಿರ್ಧಾರ—ಇವು ಮೊದಲ ಲೇಖನಕ್ಕೆ ಮುನ್ನವೇ ಬರಹದಲ್ಲಿರಬೇಕು. ಇದಕ್ಕೆಲ್ಲ ಸಮಯವಿಲ್ಲವೆಂಬ ನೆಪವೂ ಸಡಿಲವಾಗಿದೆ: ಸಲ್ಲಿಕೆಗೆ ಮುನ್ನ ಒಂದು ಲೇಖನ ಪ್ರಕಟವಾಗಿರಬೇಕೆಂಬ 2016ರ ಷರತ್ತು ಯುಜಿಸಿಯ 2022ರ ನಿಯಮಾವಳಿಯಲ್ಲಿಲ್ಲ. ಮೂರನೆಯ ಲೇಖನ ಮೊದಲನೆಯದನ್ನು ಅಲ್ಲಗಳೆದರೆ, ಆ ವಿಶ್ಲೇಷಣೆಯನ್ನು ಕೈಬಿಟ್ಟ ಕಾರಣವನ್ನು ಪ್ರಸ್ತಾವನೆಯೇ ಹೇಳಲಿ.