ನೆಲದ ಟಿಕೆಟ್ಟಿನ ಸಿನಿಮಾ

ಟೂರಿಂಗ್ ಟಾಕೀಸ್ ಎಂದರೆ ಒಂದು ಡೇರೆ, ಒಂದು ಪ್ರೊಜೆಕ್ಟರ್, ಒಂದು ಜನರೇಟರ್ ಮತ್ತು ಅವಧಿ ಮುಗಿದೊಡನೆ ಗೂಟ ಕಿತ್ತು ಹೊರಡಬೇಕಾದ ಲೈಸೆನ್ಸ್. ಹಳೇ ಮೈಸೂರು ಸೀಮೆಯ ಜನ ಇದನ್ನು ಟೆಂಟ್ ಎಂದೇ ಕರೆದರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯಂಥ ತಾಲ್ಲೂಕುಗಳ ಹಳ್ಳಿಗರ ಪಾಲಿಗೆ ಮೈಸೂರಿನ ಥಿಯೇಟರು ವರ್ಷಕ್ಕೊಮ್ಮೆ, ದಸರೆಗೆ ಹೋದಾಗ ಸಿಗುವ ಭಾಗ್ಯ. ನಡೆದೇ ಹೋಗಿ ನೋಡಬಹುದಾದ ಸಿನಿಮಾ ಎಂದರೆ ಟೆಂಟು. ಕಾರಿನಲ್ಲೇ ಕೂತು ಬಯಲಿನ ಪರದೆ ನೋಡುವ ಡ್ರೈವ್-ಇನ್ ಅಮೆರಿಕದ ಉಪನಗರಗಳಲ್ಲಿ ಮಾಡಿದ ಕೆಲಸವನ್ನು ಇಲ್ಲಿ ಮಾಡಿದ್ದು ಇದೇ. ಆದರೆ ಇಲ್ಲಿಗೆ ಬಂದವರು ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ, ಹೆಚ್ಚಿನವರು ಕಾಲ್ನಡಿಗೆಯಲ್ಲಿ.

ಡೇರೆ ಸಿನಿಮಾ ಭಾರತದಲ್ಲಿ ಕಾಯಂ ಚಿತ್ರಮಂದಿರಕ್ಕಿಂತ ಹಳೆಯದು. ಅಬ್ದುಲ್ ಅಲಿ ಯೂಸುಫ್ ಅಲಿ 1901ರಿಂದ ಆಗ್ನೇಯ ಏಷ್ಯಾದಲ್ಲಿ, 1908ರ ನಂತರ ಭಾರತದಲ್ಲಿ ಡೇರೆ ಹೊತ್ತು ಸುತ್ತಿದವರು. ನೂರು ಅಡಿ ಉದ್ದ, ಐವತ್ತು ಅಡಿ ಅಗಲದ ಅವರ ಡೇರೆಯಲ್ಲಿ ಸಾವಿರ ಜನ ಕೂರಬಹುದಿತ್ತು. ದಕ್ಷಿಣದಲ್ಲಿ ಈ ದಾರಿ ತೆರೆದವರು ಸ್ವಾಮಿಕಣ್ಣು ವಿನ್ಸೆಂಟ್. ತಿರುಚಿನಾಪಳ್ಳಿಯ ರೈಲ್ವೆ ಕಚೇರಿಯಲ್ಲಿ ನೌಕರರಾಗಿದ್ದ ಅವರು 1905ರಲ್ಲಿ ಡ್ಯುಪಾಂಟ್ ಎಂಬ ಫ್ರೆಂಚನಿಂದ ಪ್ರೊಜೆಕ್ಟರ್ ಕೊಂಡು ಊರೂರು ತಿರುಗಿದರು, ಆಮೇಲೆ ಕೊಯಮತ್ತೂರಿನಲ್ಲಿ ಕಾಯಂ ಚಿತ್ರಮಂದಿರ ಕಟ್ಟಿದರು. ಡೇರೆಯಲ್ಲಿ ದುಡಿದು ಕಟ್ಟಡಕ್ಕೆ ಏರುವ ಈ ಕ್ರಮ ಮುಂದೆಯೂ ಹಲವರ ಹಾದಿಯಾಯಿತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡಿತು. ಮಾತು ಬಂದ ಮೇಲೆ ಡೇರೆಯವರೂ ಸ್ಪೀಕರ್ ಹೊತ್ತರು, ಹೆಸರಿಗೆ ಟಾಕೀಸ್ ಅಂಟಿತು.

ಈ ವ್ಯಾಪಾರಕ್ಕೆ ಎರಡು ಬೇಕಿದ್ದವು: ಮಳೆಯಿಲ್ಲದ ತಿಂಗಳುಗಳು, ಕೈಯಲ್ಲಿ ಕಾಸಿರುವ ಜನ. ಮೈಸೂರು–ಮಡಿಕೇರಿ ರಸ್ತೆಯುದ್ದಕ್ಕೂ, ಹುಣಸೂರಿನಿಂದ ಬೈಲಕುಪ್ಪೆ ದಾಟಿ ಕಾವೇರಿಯ ದಡದವರೆಗೆ, ಎರಡೂ ಕೂಡಿಬರುವುದು ಸುಗ್ಗಿಯ ನಂತರ. ಹೊಗೆಸೊಪ್ಪಿನ ಹಣ ಕೈಸೇರುವ ಹೊತ್ತಿಗೆ ಚಳಿ ಶುರು. ಸಂಕ್ರಾಂತಿಗೆ ಚುಂಚನಕಟ್ಟೆಯ ದನಗಳ ಜಾತ್ರೆ, ಶಿವರಾತ್ರಿಯ ಆಸುಪಾಸಿಗೆ ಕಪ್ಪಡಿ ಜಾತ್ರೆ. ಜನ ಸೇರುವ ಬಯಲು, ಕೆಲಸವಿಲ್ಲದ ರಾತ್ರಿ, ಬಿಡುವಿನ ಮನಸ್ಸು ಒಟ್ಟಿಗೇ ಸಿಗುವ ಈ ಸೀಮೆ ಟೆಂಟಿಗೆ ಹದವಾದ ನೆಲವಾಗಿತ್ತು. ಮುಂಗಾರು ಹಿಡಿಯಿತೆಂದರೆ ಕ್ಯಾನ್ವಾಸೂ ಸೋರುತ್ತಿತ್ತು, ನೋಡುವವರೂ ಹೊಲಕ್ಕಿಳಿಯುತ್ತಿದ್ದರು.

ಆಟದ ಕ್ರಮ ನಾಡಿನುದ್ದಕ್ಕೂ ಹೆಚ್ಚೂಕಡಿಮೆ ಒಂದೇ. ಹಗಲು ಗಾಡಿಯಲ್ಲಿ ಮೈಕು ಕಟ್ಟಿ ಕರಪತ್ರ ಎಸೆಯುವುದು. ಸಂಜೆ ಡೇರೆಯ ಮೇಲಿನ ಲೌಡ್‌ಸ್ಪೀಕರಿನಲ್ಲಿ ಹಾಡು. ಘಂಟಸಾಲ ಹಾಡಿದ ತೆಲುಗಿನ ವೆಂಕಟೇಶ ಸ್ತುತಿ ಕೇಳಿಸಿತೆಂದರೆ ಟಿಕೆಟ್ ಕೊಡುತ್ತಿದ್ದಾರೆ, ಬೇಗ ಹೆಜ್ಜೆ ಹಾಕಬೇಕು ಎಂದು ಮೈಲಿಯಾಚೆಯ ಹಳ್ಳಿಗೂ ಗೊತ್ತಾಗುತ್ತಿತ್ತು. ಗಡಿಯಾರವಿಲ್ಲದ ಮನೆಗಳಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಯಾವ ಕಂಪನಿಯೂ ಕಂಡುಹಿಡಿದಿಲ್ಲ. ಕತ್ತಲಾಗದೆ ಪರದೆ ಕಾಣದು, ಹಾಗಾಗಿ ದಿನಕ್ಕೆ ಎರಡೇ ಆಟ. ಒಳಗೆ ಪರದೆಯ ಹತ್ತಿರ ನೆಲ, ಹಿಂದೆ ಬೆಂಚು, ಅದರ ಹಿಂದೆ ಕುರ್ಚಿ. ಗಂಡಸರಿಗೂ ಹೆಂಗಸರಿಗೂ ನಡುವೆ ಮೋಟುಗೋಡೆಯೋ ಹಗ್ಗವೋ. ನೆಲದ ಮರಳನ್ನು ಗುಡ್ಡೆ ಮಾಡಿ ಎತ್ತರಿಸಿ ಕೂರುವ ಜಾಣರೂ ಇದ್ದರು, ಅವರ ಹಿಂದೆ ಕೂತು ಬೈಯುವವರೂ ಇದ್ದರು.

ಯಂತ್ರದ ಮಿತಿಯೇ ಇಲ್ಲಿ ನೋಡುವ ರೀತಿಯನ್ನು ತಿದ್ದಿತು. 35 ಮಿ.ಮೀ. ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರಕ್ಕೆ ಹದಿಮೂರು ಸಾವಿರ ಅಡಿಗೂ ಮೀರಿದ ಸುರುಳಿ ಬೇಕು. ಪಟ್ಟಣದ ಥಿಯೇಟರಿನಲ್ಲಿ ಎರಡು ಪ್ರೊಜೆಕ್ಟರ್ ಇದ್ದು ಒಂದರ ರೀಲು ಮುಗಿಯುವಷ್ಟರಲ್ಲಿ ಇನ್ನೊಂದು ಹೊತ್ತಿಕೊಳ್ಳುತ್ತಿತ್ತು. ಟೆಂಟಿನಲ್ಲಿ ಇದ್ದದ್ದು ಒಂದೇ, ರೀಲು ಬದಲಿಸಲು ಆಟ ನಿಲ್ಲಲೇಬೇಕು. ಹೀಗೆ ಕಥೆ ತುಂಡುತುಂಡಾಗುತ್ತಿತ್ತು, ಆ ಬಿಡುವಿನಲ್ಲಿ ಕಡಲೆಕಾಯಿ, ಸೋಡಾ ಮಾರಾಟ ನಡೆಯುತ್ತಿತ್ತು. ಕಾರ್ಬನ್ ಕಡ್ಡಿಗಳ ನಡುವೆ ಉರಿಯುವ ಬೆಳಕು ಮಂಕಾದರೆ, ಫಿಲ್ಮು ಹರಿದರೆ ಸಿಳ್ಳೆ. ಈ ಅಡ್ಡಿಗಳನ್ನೆಲ್ಲ ಇಂದು ರಮ್ಯವಾಗಿ ನೆನೆಯುವುದುಂಟು. ಚಿತ್ರವನ್ನು ಚಿತ್ರವಾಗಿ ನೋಡಬೇಕೆಂದವರಿಗೆ ಅವು ನಷ್ಟವೇ. ನಗರದ ಥಿಯೇಟರುಗಳಲ್ಲಿ ಓಡಿ ಸವೆದು, ತಾಲ್ಲೂಕು ಕೇಂದ್ರದಲ್ಲಿ ಇನ್ನಷ್ಟು ಗೀರು ಬಿದ್ದು, ಕೊನೆಗೆ ಟೆಂಟಿಗೆ ಬರುವ ಪ್ರಿಂಟಿನಲ್ಲಿ ಹರಿದಷ್ಟನ್ನು ಕತ್ತರಿಸಿ ಅಂಟಿಸಿರುತ್ತಿದ್ದರು. ಹಾಡಿನ ಒಂದು ಚರಣವೋ ಹೊಡೆದಾಟದ ನಡುಭಾಗವೋ ಮಾಯವಾಗಿರುತ್ತಿತ್ತು.

ಆದರೆ ಸವೆದ ಪ್ರಿಂಟೇ ಟೆಂಟಿನ ಬಂಡವಾಳ ಕೂಡ. ಹೊಸ ಚಿತ್ರದ ಬಾಡಿಗೆ ಕೊಡಲಾಗದವನಿಗೆ ಹಳೆಯದು ಅಗ್ಗಕ್ಕೆ ಸಿಗುತ್ತಿತ್ತು, ಅದರಿಂದಲೇ ನೆಲದ ಟಿಕೆಟ್ಟು ಕೂಲಿಯವರ ಕೈಗೆಟುಕುತ್ತಿತ್ತು. 1972ರ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದ್ದನ್ನು ಎಲ್ಲರೂ ಹೇಳುತ್ತಾರೆ. ಹಳ್ಳಿಗೆ ಬಂದು ಬೇಸಾಯಕ್ಕಿಳಿಯುವ ಆ ನಾಯಕ ರೈತರ ಮನೆಮಾತಾದದ್ದು ಮಾತ್ರ ಬೆಂಗಳೂರಿನ ಆ ಒಂದು ಪರದೆಯಿಂದಲ್ಲ. ರಾಜ್‌ಕುಮಾರ್ ಚಿತ್ರಗಳು ಡೇರೆಯಿಂದ ಡೇರೆಗೆ ಮತ್ತೆಮತ್ತೆ ಮರಳಿ, ಹಳತಾದರೂ ಹಳಸದೆ ಉಳಿದವು. ಕನ್ನಡ ಚಿತ್ರರಂಗದ ಚರಿತ್ರೆಗಳು ಶತದಿನೋತ್ಸವದ ಲೆಕ್ಕ ಹಿಡಿದು ಬರೆದವಾದ್ದರಿಂದ ಈ ನಿಧಾನದ, ಚಿಲ್ಲರೆ ಕಾಸಿನ ಆದಾಯಕ್ಕೆ ಅವುಗಳಲ್ಲಿ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ.

ನೆಲದ ಪ್ರೇಕ್ಷಕರಿಗೆ ಮಸಾಲೆಯಷ್ಟೇ ದಕ್ಕುತ್ತದೆ ಎಂಬ ಮಾತನ್ನು ಸುಳ್ಳು ಮಾಡಿದವರು ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಮ್‌ನವರು. 1973ರಲ್ಲಿ ಚಿತ್ರಸಮಾಜ ಕಟ್ಟಿದ ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಿಕೆ ತೋಟದ ನಡುವಿನ ಹಳ್ಳಿಗರ ಮುಂದಿಟ್ಟರು, ಜನ ಕೂತು ನೋಡಿದರು, ಚರ್ಚಿಸಿದರು. ಟೆಂಟಿನ ಮಾಲೀಕರು ಆ ದಿಕ್ಕಿಗೆ ಹೆಜ್ಜೆಯಿಡಲಿಲ್ಲವೆಂದು ದೂರುವುದು ಅನ್ಯಾಯ; ಅವರಿಗೆ ಅನುದಾನವಿರಲಿಲ್ಲ, ಡೀಸೆಲ್ ಖರ್ಚಿತ್ತು.

ಕಾನೂನು ಟೆಂಟನ್ನು ಯಾವಾಗಲೂ ತಾತ್ಕಾಲಿಕ ಅತಿಥಿಯಂತೆಯೇ ನಡೆಸಿಕೊಂಡಿತು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆ ಮತ್ತು 1971ರ ನಿಯಮಗಳ ಅಡಿಯಲ್ಲಿ ಪರವಾನಗಿಗೆ ಅವಧಿಯ ಮಿತಿ, ಕಾಯಂ ಚಿತ್ರಮಂದಿರದಿಂದ ದೂರದ ಮಿತಿ, ಪ್ರೊಜೆಕ್ಟರ್ ಕೋಣೆಗೆ ಬೇರೆ ಷರತ್ತು. ಈ ಷರತ್ತುಗಳ ಹಿಂದಿನ ಬೆಂಕಿಯ ಭಯ ನಿಜವಾದದ್ದು. 1950ರ ದಶಕಕ್ಕೆ ಮುಂಚಿನ ನೈಟ್ರೇಟ್ ಫಿಲ್ಮು ಕಿಡಿ ತಗುಲಿದರೆ ಗಾಳಿಯ ಹಂಗಿಲ್ಲದೆಯೂ ಉರಿಯುವಂಥದ್ದು. ಸುರಕ್ಷಿತ ಫಿಲ್ಮು ಬಂದ ಮೇಲೂ ಕ್ಯಾನ್ವಾಸು, ಗರಿಯ ಚಪ್ಪರ ಬದಲಾಗಲಿಲ್ಲ. 1979ರ ಜುಲೈನಲ್ಲಿ ತೂತ್ತುಕುಡಿಯ ಟೂರಿಂಗ್ ಟಾಕೀಸೊಂದು ಹೊತ್ತಿ ಹತ್ತಾರು ಜನ ಸತ್ತರು. 1981ರ ಫೆಬ್ರುವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು ತೊಂಬತ್ತಕ್ಕೂ ಹೆಚ್ಚು ಮಂದಿ, ಬಹುಪಾಲು ಮಕ್ಕಳು, ಬಲಿಯಾದರು. ಡೇರೆಯ ಗುಣಗಾನ ಮಾಡುವ ಬರಹಗಳು ಈ ಪುಟವನ್ನು ದಾಟಿಕೊಂಡು ಹೋಗುತ್ತವೆ. ದೂರದ ಮಿತಿಯಾದರೋ ಪಟ್ಟಣದ ಥಿಯೇಟರಿನವರ ಕಲೆಕ್ಷನ್ನಿಗೆ ಕಾವಲು ನಿಂತದ್ದು, ಪ್ರೇಕ್ಷಕರಿಗೆ ಅದರಿಂದ ಲಾಭವಿರಲಿಲ್ಲ.

ಟೆಂಟನ್ನು ಟಿ.ವಿ. ಕೊಂದಿತೆಂಬುದು ಅರ್ಧ ಸತ್ಯ. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂತು, ವಿಡಿಯೊ ಕ್ಯಾಸೆಟ್ಟು ಹಳ್ಳಿಯ ಅಂಗಡಿಗೂ ಇಳಿಯಿತು, 1987ರಿಂದ ‘ರಾಮಾಯಣ’ ಭಾನುವಾರಗಳನ್ನು ಕಸಿದುಕೊಂಡಿತು, 1994ರಲ್ಲಿ ಉದಯ ಟಿ.ವಿ. ಕನ್ನಡ ಚಿತ್ರಗಳನ್ನು ಮನೆಯೊಳಗೇ ತಂದಿತು. ಇಷ್ಟಾದರೂ ಕೆಲವು ಟೆಂಟುಗಳು ತಗಡಿನ ಮಾಡು ಹೊದ್ದು ಸೆಮಿ-ಪರ್ಮನೆಂಟ್ ಆಗಿ ಉಸಿರಾಡಿದವು. ಕೊನೆಯ ಪೆಟ್ಟು ಬಿದ್ದದ್ದು ಫಿಲ್ಮ್ ಪ್ರಿಂಟೇ ಇಲ್ಲವಾದಾಗ. ಡಿಜಿಟಲ್ ಚಿತ್ರ ಸವೆಯುವುದಿಲ್ಲ, ಸವೆಯದ್ದು ಅಗ್ಗವಾಗುವುದೂ ಇಲ್ಲ. ಇಂತಿಷ್ಟು ಪ್ರದರ್ಶನಕ್ಕೆ ಇಂತಿಷ್ಟು ಹಣ ಕಟ್ಟಿದರಷ್ಟೇ ಅದು ತೆರೆದುಕೊಳ್ಳುತ್ತದೆ. ಕೋವಿಡ್ ಕಾಲದಲ್ಲಿ ಮೈಸೂರಿನ ಶಾಂತಲಾದಂಥ ದೊಡ್ಡ ಥಿಯೇಟರೇ ಬಾಗಿಲು ಹಾಕಿದ ಮೇಲೆ ಡೇರೆಯ ಮಾತೇನು.

ಮಹಾರಾಷ್ಟ್ರದ ಜಾತ್ರೆಗಳಲ್ಲಿ ಟೆಂಟು ಇನ್ನಷ್ಟು ಕಾಲ ಬಾಳಿತು. ಅದನ್ನು ವರ್ಷಗಟ್ಟಲೆ ಹಿಂಬಾಲಿಸಿ ಶರ್ಲಿ ಅಬ್ರಹಾಂ ಮತ್ತು ಅಮಿತ್ ಮಧೇಶಿಯಾ ಮಾಡಿದ ಸಾಕ್ಷ್ಯಚಿತ್ರ ‘ದ ಸಿನಿಮಾ ಟ್ರಾವೆಲರ್ಸ್’ 2016ರ ಕಾನ್ ಉತ್ಸವದಲ್ಲಿ ವಿಶೇಷ ಮನ್ನಣೆ ಪಡೆಯಿತು; ಹಳೇ ಪ್ರೊಜೆಕ್ಟರಿನಿಂದ ಡಿಜಿಟಲ್‌ಗೆ ದಾಟುವ ಸಂಕಟವೇ ಅದರ ವಸ್ತು. ಗಾಳಿ ತುಂಬಿ ನಿಲ್ಲಿಸುವ ಚಿತ್ರಮಂದಿರವನ್ನು ಲಾರಿಯಲ್ಲಿ ಸಾಗಿಸುವ ಪಿಕ್ಚರ್‌ಟೈಮ್ 2021ರಲ್ಲಿ ಲಡಾಖಿನ ಲೇಹ್‌ವರೆಗೂ ಹೋಯಿತು. ಇದು ಟೆಂಟಿನ ನಿಜವಾದ ವಾರಸುದಾರ: ಥಿಯೇಟರಿಲ್ಲದ ಕಡೆಗೆ ಥಿಯೇಟರನ್ನೇ ಒಯ್ಯುತ್ತದೆ.

ಡ್ರೈವ್-ಇನ್ ಹಿಡಿದದ್ದು ಬೇರೆ ದಾರಿ. 1933ರಲ್ಲಿ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ಹುಟ್ಟಿ, 1950ರ ದಶಕದ ಕೊನೆಗೆ ಅಮೆರಿಕದಲ್ಲಿ ನಾಲ್ಕು ಸಾವಿರದಷ್ಟಾಗಿ, ಆಮೇಲೆ ಕುಸಿದ ಆ ಪದ್ಧತಿ 1973ರಲ್ಲಿ ಅಹಮದಾಬಾದಿಗೆ, ಮುಂದೆ ಮುಂಬೈ, ಚೆನ್ನೈಗೆ ಬಂತು. ಮುಂಬೈಯದು 2003ರಲ್ಲಿ ಮುಚ್ಚಿ, 2021ರಲ್ಲಿ ಮಾಲ್ ಒಂದರ ತಾರಸಿಯ ಮೇಲೆ ಹೊಸ ರೂಪದಲ್ಲಿ ತೆರೆಯಿತು. ಅಲ್ಲಿ ಪ್ರತಿ ಕುಟುಂಬವೂ ಗಾಜು ಏರಿಸಿ ತನ್ನ ಪಾಡಿಗೆ ತಾನಿರಬಹುದು, ಟೆಂಟಿನಲ್ಲಿ ಅದು ಸಾಧ್ಯವಿರಲಿಲ್ಲ. ಬೀಡಿಯ ಹೊಗೆ, ಅಳುವ ಕೂಸು, ಮುಂದಿನ ಡೈಲಾಗನ್ನು ಮೊದಲೇ ಒಪ್ಪಿಸುವ ಪಕ್ಕದವನು ಎಲ್ಲರ ಪಾಲಿಗೂ ಬರುತ್ತಿದ್ದರು. ಬಯಲಿನ ಸಿನಿಮಾದ ಹೆಸರಿನಲ್ಲಿ ಈಗ ನಗರಗಳಲ್ಲಿ ನಡೆಯುವ ಪ್ರದರ್ಶನಗಳು ಆಕಾಶವನ್ನೂ ದೀಪಾಲಂಕಾರವನ್ನೂ ಚೆನ್ನಾಗಿಯೇ ಒದಗಿಸುತ್ತವೆ. ಅವುಗಳ ಟಿಕೆಟ್ಟಿನಲ್ಲಿ ನೆಲದ ದರ್ಜೆ ಇಲ್ಲ.