ಎಲ್ಲ ಸಂಚಿಕೆ ಓದಿದವನ ತೀರ್ಪು

ಸೂಪರ್‌ಹೀರೋ ಕಾಮಿಕ್ಸ್ ಓದುವವರ ನಡುವೆ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ: ವಿಮರ್ಶಕರ ಮಾತು ಕೇಳಬೇಡಿ, ಅಭಿಮಾನಿಗಳನ್ನು ಕೇಳಿ. ವಿಮರ್ಶಕನಿಗೆ ಪ್ರಕಾಶಕರು ಮುಂಗಡ ಪ್ರತಿ ಕಳಿಸುತ್ತಾರೆ, ಲೇಖಕರ ಸಂದರ್ಶನ ಕೊಡಿಸುತ್ತಾರೆ, ಅವನು ಆ ಹಂಗಿನಲ್ಲೇ ಬರೆಯುತ್ತಾನೆ. ಅಭಿಮಾನಿಯಾದರೆ ಸ್ವಂತ ದುಡ್ಡು ಕೊಟ್ಟು ಕೊಂಡವನು, ಹಿಂದಿನ ಸಂಚಿಕೆಗಳನ್ನೆಲ್ಲ ಓದಿ ಅರಗಿಸಿಕೊಂಡವನು, ಯಾರ ಮುಲಾಜೂ ಇಲ್ಲದವನು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಕಳೆದ ನಾಲ್ಕು ದಶಕಗಳಲ್ಲಿ ಅಭಿಮಾನಿಗಳು ಜೋರಾಗಿ ತೀರ್ಪು ಕೊಟ್ಟ ಕಥೆಗಳನ್ನು ಒಂದೊಂದಾಗಿ ತೆರೆದು ಓದಿದರೆ ಈ ನಂಬಿಕೆ ನಿಲ್ಲುವುದಿಲ್ಲ.

ಮೊದಲು ಹಂಗಿನ ಮಾತು. ಅಮೆರಿಕದಲ್ಲಿ ಮಾಸಿಕ ಕಾಮಿಕ್ಸ್ ಹೆಚ್ಚಾಗಿ ಮಾರಾಟವಾಗುವುದು ಅದಕ್ಕೆಂದೇ ಇರುವ ಅಂಗಡಿಗಳಲ್ಲಿ. 1970ರ ದಶಕದಿಂದ ಬಂದ ಪದ್ಧತಿಯಂತೆ ಅಂಗಡಿಯವರು ತಮಗೆಷ್ಟು ಪ್ರತಿ ಬೇಕೆಂದು ಮುಂಚೆಯೇ ಹೇಳಬೇಕು, ಮಾರದೆ ಉಳಿದದ್ದನ್ನು ಸಾಮಾನ್ಯವಾಗಿ ಹಿಂದಿರುಗಿಸುವಂತಿಲ್ಲ. ಅಂದರೆ ಬಿಡುಗಡೆಯ ದಿನ ವಿಮರ್ಶೆ ಹೊರಬರುವ ಹೊತ್ತಿಗೆ ಪ್ರಕಾಶಕರ ಮಾರಾಟ ಬಹುಪಾಲು ಮುಗಿದಿರುತ್ತದೆ. ಇಂಥ ವ್ಯವಸ್ಥೆಯಲ್ಲಿ ದುಡ್ಡು ಕೊಟ್ಟು ಹೊಗಳಿಸಿಕೊಂಡರೆ ಸಿಗುವ ಲಾಭ ಅಷ್ಟಕ್ಕಷ್ಟೆ. ಒಡನಾಟದಿಂದ, ಸಂಕೋಚದಿಂದ, ಮುಂದಿನ ಸಂದರ್ಶನ ತಪ್ಪೀತೆಂಬ ಅಂಜಿಕೆಯಿಂದ ಹುಟ್ಟುವ ಹೊಗಳಿಕೆ ಇಲ್ಲವೆಂದು ನಾನು ಹೇಳುವುದಿಲ್ಲ. ಅದು ದೌರ್ಬಲ್ಯ, ಪಿತೂರಿ ಅಲ್ಲ. ಪಿತೂರಿಯ ಗುಮಾನಿ ಸಿನಿಮಾಕ್ಕೂ ಹಬ್ಬಿದೆ. 2016ರಲ್ಲಿ ಡಿಸಿ ಸಂಸ್ಥೆಯ ಕಾಮಿಕ್ಸ್ ಆಧರಿಸಿದ 'ಸೂಯಿಸೈಡ್ ಸ್ಕ್ವಾಡ್' ಚಿತ್ರಕ್ಕೆ ಕೆಟ್ಟ ವಿಮರ್ಶೆಗಳು ಬಂದಾಗ, ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ಜಾಲತಾಣವನ್ನು ಮುಚ್ಚಬೇಕೆಂದು ಅಭಿಮಾನಿಗಳು ಸಹಿ ಸಂಗ್ರಹಿಸಿದರು. ಡಿಸಿಯ ಮೇಲೆ ವಿಮರ್ಶಕರಿಗೆ ದ್ವೇಷ ಎಂಬುದು ಅವರ ವಾದ. ಆದರೆ ಆ ಜಾಲತಾಣದಲ್ಲಿ ಒಂದು ಪಾಲು ಡಿಸಿಯ ಒಡೆಯರಾದ ವಾರ್ನರ್ ಬ್ರದರ್ಸ್‌ನದೇ ಆಗಿತ್ತು. ಅಲ್ಲಿ ಕಾಣುವ ಶೇಕಡಾವಾರು ಚಿತ್ರದ ಗುಣಮಟ್ಟಕ್ಕೆ ಕೊಟ್ಟ ಅಂಕವೂ ಅಲ್ಲ. ಎಷ್ಟು ಪಾಲು ವಿಮರ್ಶೆಗಳು ಚಿತ್ರದ ಪರವಾಗಿವೆ ಎಂಬ ಲೆಕ್ಕ ಮಾತ್ರ.

ಇನ್ನು ಅಭಿಮಾನಿಗಳ ಅಭಿಪ್ರಾಯವನ್ನು ನೇರವಾಗಿ ಕೇಳಿದ ಪ್ರಸಂಗ. 1988ರಲ್ಲಿ ಡಿಸಿ ಸಂಸ್ಥೆ 'ಬ್ಯಾಟ್‌ಮನ್' 427ನೇ ಸಂಚಿಕೆಯಲ್ಲಿ ಎರಡು ಫೋನ್ ನಂಬರ್ ಅಚ್ಚು ಹಾಕಿತು. ಬ್ಯಾಟ್‌ಮನ್‌ನ ಜೊತೆಗಾರ, ಎರಡನೇ ರಾಬಿನ್ ಆದ ಜೇಸನ್ ಟಾಡ್ ಬದುಕಬೇಕೆನ್ನುವವರಿಗೆ ಒಂದು, ಸಾಯಬೇಕೆನ್ನುವವರಿಗೆ ಇನ್ನೊಂದು. ಒಂದು ಕರೆಗೆ ಐವತ್ತು ಸೆಂಟ್. ಸಾಯಲಿ ಎಂದ ಕರೆಗಳು 5,343, ಬದುಕಲಿ ಎಂದವು 5,271. ಅಂತರ 72. ಅಭಿಮಾನಿಗಳಿಗೆ ಜೇಸನ್ ಬೇಡವಾಗಿದ್ದ ಎಂಬುದಕ್ಕೆ ಇಂದಿಗೂ ಇದನ್ನೇ ಸಾಕ್ಷಿಯಾಗಿ ಮುಂದಿಡುತ್ತಾರೆ. ಆದರೆ ಎಣಿಸಿದ್ದು ಕರೆಗಳನ್ನು, ಜನರನ್ನಲ್ಲ. ಸಲಕ್ಕೆ ಐವತ್ತು ಸೆಂಟ್ ತೆತ್ತು ಒಬ್ಬರೇ ಎಷ್ಟು ಸಲ ಬೇಕಾದರೂ ಕರೆ ಮಾಡಬಹುದಿತ್ತು. ಒಬ್ಬನೇ ವ್ಯಕ್ತಿ ಕಂಪ್ಯೂಟರ್ ಮೂಲಕ ಮತ್ತೆ ಮತ್ತೆ ಕರೆ ಮಾಡಿಸಿದ ಎಂಬ ವದಂತಿಯನ್ನು ಸಂಪಾದಕ ಡೆನಿಸ್ ಓನೀಲ್ ಅವರೇ ಮುಂದೆ ಹೇಳಿಕೊಂಡಿದ್ದರು. ವದಂತಿ ಸುಳ್ಳೇ ಇರಲಿ, 72 ಕರೆಗಳ ಅಂತರವನ್ನು ಇಡೀ ಓದುಗ ಸಮುದಾಯದ ಅಭಿರುಚಿ ಎಂದು ಕರೆಯಲಾಗದು.

ನನ್ನ ಮುಖ್ಯ ತಕರಾರು ಬೇರೆಯೇ. ಆ ಪ್ರಶ್ನೆಗೆ ಕಥೆಯ ಜೊತೆ ಸಂಬಂಧವೇ ಇರಲಿಲ್ಲ. ಜಿಮ್ ಸ್ಟಾರ್ಲಿನ್ ಬರೆದು ಜಿಮ್ ಅಪಾರೋ ಚಿತ್ರಿಸಿದ 'ಎ ಡೆತ್ ಇನ್ ದ ಫ್ಯಾಮಿಲಿ' ಹೆತ್ತ ತಾಯಿಯನ್ನು ಹುಡುಕಿ ಹೊರಟ ಹುಡುಗನ ಕಥೆ. ಜೇಸನ್‌ಗೆ ತಾಯಿ ಸಿಗುವುದು ಇಥಿಯೋಪಿಯಾದ ಪರಿಹಾರ ಶಿಬಿರದಲ್ಲಿ. ಆಕೆ ಅಲ್ಲಿಯ ಹಣ ಕದಿಯುತ್ತಿದ್ದವಳು, ಬ್ಯಾಟ್‌ಮನ್‌ನ ಶತ್ರು ಜೋಕರ್‌ನ ಹಿಡಿತಕ್ಕೆ ಸಿಕ್ಕವಳು. ಮಗ ಆಕೆಯನ್ನು ನಂಬಿ ತಾನೇ ರಾಬಿನ್ ಎಂದು ಹೇಳಿಕೊಂಡರೆ ಅವನನ್ನು ಜೋಕರ್ ಕೈಗೆ ಒಪ್ಪಿಸುತ್ತಾಳೆ. ಜೋಕರ್ ಹಾರೆ ಎತ್ತಿ ಹುಡುಗನನ್ನು ಬಡಿಯುವ ಆ ಪುಟಗಳಲ್ಲಿ ನನ್ನನ್ನು ಬಿಡದೆ ಕಾಡುವವಳು ತಾಯಿ. ಆಕೆ ಸಿಗರೇಟು ಸೇದುತ್ತ ಮುಖ ತಿರುಗಿಸಿ ನಿಂತಿದ್ದಾಳೆ. ಮೇಲೆದ್ದ ಹಾರೆಗಿಂತ ಆ ತಿರುಗಿಸಿದ ಮುಖ ಕ್ರೂರವಾಗಿದೆ. ಕೊನೆಗೆ ಬಾಂಬ್ ಸಿಡಿಯುವಾಗ ಅದೇ ತಾಯಿಗೆ ಹುಡುಗ ಮೈಯಡ್ಡ ಕೊಡುತ್ತಾನೆ. ಆಮೇಲಿನ ಭಾಗ ದುರ್ಬಲ. ಜೋಕರ್ ವಿಶ್ವಸಂಸ್ಥೆಯಲ್ಲಿ ಇರಾನಿನ ರಾಯಭಾರಿಯಾಗುವ ತಿರುವು ಇಡೀ ದುರಂತವನ್ನು ಹಗುರ ಮಾಡಿಬಿಡುತ್ತದೆ. ಈ ತಾಯಿಯ ಬಗ್ಗೆ, ಆ ತಿರುವಿನ ಬಗ್ಗೆ ಫೋನಿನ ಎರಡು ನಂಬರುಗಳಿಗೆ ಹೇಳುವುದು ಏನೂ ಇರಲಿಲ್ಲ. ಕಥೆ ಹೇಗಿದೆ ಎನ್ನುವ ಪ್ರಶ್ನೆಯ ಜಾಗದಲ್ಲಿ ಈ ಪಾತ್ರ ಬೇಕೋ ಬೇಡವೋ ಎಂಬ ಪ್ರಶ್ನೆ ಬಂದು ಕೂತಿತು, ಇವತ್ತಿಗೂ ಕದಲಿಲ್ಲ. ಹೊಸ ಕಥೆ ಬಂತೆಂದರೆ ಮೊದಲು ಕೇಳಿಬರುವುದು ಅದೇ: ನನ್ನ ನಾಯಕನಿಗೆ ಏನು ಮಾಡಿದರು?

2012ರ ಡಿಸೆಂಬರ್‌ನಲ್ಲಿ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 700ನೇ ಸಂಚಿಕೆ ಬಂದಾಗ ಆದದ್ದೂ ಇದೇ. ಸಾವಿನ ಅಂಚಿನಲ್ಲಿದ್ದ ಶತ್ರು ಡಾಕ್ಟರ್ ಆಕ್ಟೋಪಸ್, ಅಂದರೆ ಆಟೋ ಆಕ್ಟೇವಿಯಸ್, ಸ್ಪೈಡರ್‌ಮ್ಯಾನ್ ಆದ ಪೀಟರ್ ಪಾರ್ಕರ್‌ನ ದೇಹ ಸೇರುತ್ತಾನೆ. ನಮ್ಮ ಹಳೆಯ ಕಥೆಗಳ ಪರಕಾಯ ಪ್ರವೇಶವೇ. ಪೀಟರ್ ಆ ರೋಗಿಷ್ಠ ದೇಹದಲ್ಲಿ ಸಿಕ್ಕಿಕೊಂಡು ಸಾಯುತ್ತಾನೆ. ಲೇಖಕ ಡ್ಯಾನ್ ಸ್ಲಾಟ್‌ಗೆ ಕೊಲೆ ಬೆದರಿಕೆಗಳು ಬಂದವು. ಮುಂದಿನ ತಿಂಗಳು ಶುರುವಾದ 'ಸುಪೀರಿಯರ್ ಸ್ಪೈಡರ್‌ಮ್ಯಾನ್' ಮೊದಲ ಸಂಚಿಕೆಯನ್ನು ಹಲವರು ಓದುವ ಮುಂಚೆಯೇ ತಿರಸ್ಕರಿಸಿದ್ದರು.

ಓದಿದವರಿಗೆ ಸಿಕ್ಕಿದ್ದು ಬೇರೆಯೇ ಕಥೆ. ಪೀಟರ್‌ಗಿಂತ ತಾನು ಮೇಲು ಎಂದು ತೋರಿಸಲು ಹೊರಟ ಆಟೋ, ಪೀಟರ್ ಅರ್ಧಕ್ಕೆ ಬಿಟ್ಟಿದ್ದ ಡಾಕ್ಟರೇಟ್ ಮುಗಿಸುತ್ತಾನೆ, ನಗರದ ಮೇಲೆಲ್ಲ ಯಂತ್ರಜೇಡಗಳ ಕಾವಲು ಹಾಕುತ್ತಾನೆ, ಕೈಗೆ ಸಿಕ್ಕ ಕೊಲೆಗಾರನನ್ನು ಗುಂಡಿಟ್ಟು ಕೊಲ್ಲುತ್ತಾನೆ. ಅನ್ನಾ ಮರಿಯಾ ಎಂಬ ಕುಳ್ಳ ದೇಹದ ವಿಜ್ಞಾನಿಯನ್ನು ಪ್ರೀತಿಸುತ್ತಾನೆ. ಅವಳ ದೇಹದ ಬಗ್ಗೆ ಇತರರು ಆಡುವ ಕೊಂಕು ಅವನನ್ನು ಕೆರಳಿಸುತ್ತದೆ. ಕೊನೆಗೆ ಅವಳ ಜೀವಕ್ಕೆ ಕುತ್ತು ಬಂದಾಗ, ಅವಳನ್ನು ಉಳಿಸಬಲ್ಲವನು ತಾನಲ್ಲ, ಪೀಟರ್ ಎಂದು ಅರಿತು ದೇಹವನ್ನು ಬಿಟ್ಟುಕೊಡುತ್ತಾನೆ. ಪೀಟರ್ ಏಕೆ ನಾಯಕ ಎಂಬುದನ್ನು ಪೀಟರ್ ಇಲ್ಲದೆಯೇ ಕಾಣಿಸಿದ ಕಥೆ ಇದು. ಇದೇ ಹೆಸರಿನ ಸರಣಿಯನ್ನು ಪ್ರಕಾಶಕ ಸಂಸ್ಥೆ ಮಾರ್ವೆಲ್ 2018ರಲ್ಲೊಮ್ಮೆ, 2023ರಲ್ಲೊಮ್ಮೆ ಮತ್ತೆ ತಂದಿತು. ಓದುಗರಿಗೆ ಬೇಡವಾಗಿದ್ದರೆ ತರುತ್ತಿರಲಿಲ್ಲ. ಇಲ್ಲಿ ಅಭಿಮಾನಿಯ ಕಣ್ಣಿಗೆ ಅಡ್ಡ ಬಂದದ್ದು ಅವನ ಓದಿನ ವಿಸ್ತಾರವೇ. ಐವತ್ತು ವರ್ಷದ ಪೀಟರ್‌ನನ್ನು ಕಳೆದುಕೊಂಡ ದುಃಖದಲ್ಲಿ, ಎದುರಿಗಿರುವ ಇಪ್ಪತ್ತು ಪುಟದಲ್ಲಿ ಏನಿದೆ ಎಂದು ಅವನು ನೋಡಲಿಲ್ಲ.

ಕ್ಯಾಪ್ಟನ್ ಅಮೆರಿಕಾ ಪ್ರಸಂಗ ಇಷ್ಟು ಸುಲಭವಲ್ಲ. 2016ರ ಮೇ ತಿಂಗಳಲ್ಲಿ ನಿಕ್ ಸ್ಪೆನ್ಸರ್ ಬರೆದ ಹೊಸ ಸರಣಿಯ ಮೊದಲ ಸಂಚಿಕೆಯ ಕೊನೆಗೆ ಸ್ಟೀವ್ ರಾಜರ್ಸ್, ಅಂದರೆ ಕ್ಯಾಪ್ಟನ್ ಅಮೆರಿಕಾ, ಹೈಡ್ರಾಗೆ ಜಯಕಾರ ಹಾಕಿದ. ಹೈಡ್ರಾ ಎಂದರೆ ಮಾರ್ವೆಲ್ ಕಥೆಗಳಲ್ಲಿ ನಾಜಿಗಳ ನಂಟಿರುವ ಸಂಘಟನೆ. ಕ್ಯಾಪ್ಟನ್ ಅಮೆರಿಕಾ ಪಾತ್ರವನ್ನು ಸೃಷ್ಟಿಸಿದ ಜೋ ಸೈಮನ್, ಜ್ಯಾಕ್ ಕರ್ಬಿ ಇಬ್ಬರೂ ಯಹೂದಿಗಳು. ಅಮೆರಿಕ ಎರಡನೇ ಮಹಾಯುದ್ಧಕ್ಕೆ ಇಳಿಯುವ ಮುಂಚೆಯೇ, 1941ರ ಮಾರ್ಚ್ ತಾರೀಕು ಹೊತ್ತ ಮೊದಲ ಸಂಚಿಕೆಯ ಮುಖಪುಟದಲ್ಲಿ ಅವರ ನಾಯಕ ಹಿಟ್ಲರನ ದವಡೆಗೆ ಗುದ್ದಿದ್ದ. ಆ ಚರಿತ್ರೆ ಗೊತ್ತಿದ್ದವರ ಸಿಟ್ಟಿಗೆ ನೈತಿಕ ತೂಕವಿತ್ತು. ಅದನ್ನು ಬರೀ ಅಭಿಮಾನಿಗಳ ರೇಗಾಟ ಎಂದು ತಳ್ಳಿಹಾಕಿದ ವಿಮರ್ಶಕರು ತಪ್ಪು ಮಾಡಿದರು. ಎರಡನೇ ಸಂಚಿಕೆಯಲ್ಲೇ ಕಾರಣ ಹೊರಬಿತ್ತು: ಸ್ಟೀವ್‌ನ ಹಳೆಯ ಶತ್ರು ರೆಡ್ ಸ್ಕಲ್, ಕೋಬಿಕ್ ಎಂಬ ಮಗುವಿನ ಶಕ್ತಿಯಿಂದ ಸ್ಟೀವ್‌ನ ಭೂತಕಾಲವನ್ನೇ ತಿದ್ದಿಸಿದ್ದ. ನಿರಾಳರಾದವರು ಹಲವರು. ನನಗೆ ಆ ಕಾರಣವೇ ಕಥೆಯ ದೊಡ್ಡ ಸೋಲಾಗಿ ಕಾಣುತ್ತದೆ. ಒಳ್ಳೆಯ ಮನುಷ್ಯ ಫ್ಯಾಸಿಸಂ ಕಡೆಗೆ ವಾಲುವುದು ಹೇಗೆ ಎಂಬ ನಿಜವಾದ ಪ್ರಶ್ನೆ ಮಾಂತ್ರಿಕ ಬಾಲಕಿಯೊಬ್ಬಳ ಪಾಲಾಯಿತು. ಈ ಕಥೆಯನ್ನು ಮುಗಿಸಿದ 2017ರ 'ಸೀಕ್ರೆಟ್ ಎಂಪೈರ್' ಸರಣಿಯ ಕೊನೆಯಲ್ಲಿ ಒಳ್ಳೆಯ ಸ್ಟೀವ್ ಬಂದು ಕೆಟ್ಟ ಸ್ಟೀವ್‌ನನ್ನು ಬಡಿದು ಕೆಡವಿದಾಗ ಲೆಕ್ಕ ಚುಕ್ತಾ ಆಯಿತು, ಉತ್ತರ ಸಿಗಲಿಲ್ಲ. ಈ ಸೋಲನ್ನು ಒಂದು ಚೌಕದ ಚಿತ್ರ ನೋಡಿ ಬೈದವರೂ ಹೇಳಲಿಲ್ಲ, ಕೊನೆಯವರೆಗೆ ಕಾಯಿರಿ ಎಂದವರಲ್ಲಿ ಹೆಚ್ಚಿನವರೂ ಹೇಳಲಿಲ್ಲ.

ಅಭಿಮಾನಿಗಳು ಪೂರ್ತಿ ಸರಿಯಿದ್ದ ಸಂದರ್ಭವೂ ಇದೆ. 2007ರ 'ಒನ್ ಮೋರ್ ಡೇ' ಕಥೆಯಲ್ಲಿ ಗುಂಡೇಟು ತಿಂದ ಮೇ ಚಿಕ್ಕಮ್ಮನನ್ನು ಬದುಕಿಸಲು ಪೀಟರ್, ಮೇರಿ ಜೇನ್ ಇಬ್ಬರೂ ತಮ್ಮ ದಾಂಪತ್ಯವನ್ನು ಮೆಫಿಸ್ಟೋ ಎಂಬ ಸೈತಾನನಿಗೆ ಒಪ್ಪಿಸುತ್ತಾರೆ. ಓದುಗರು ಕೆರಳಿದರು, ಕಾರಣ ಸಮೇತ ಕೆರಳಿದರು. ತನ್ನ ತಪ್ಪಿನ ಫಲವನ್ನು ತಾನೇ ಹೊರುವವನು ಪೀಟರ್. ಆ ಹೊರೆಯನ್ನು ಸೈತಾನನ ಕೈಗಿತ್ತು, ಕೊಟ್ಟದ್ದರ ನೆನಪನ್ನೂ ಕಳೆದುಕೊಳ್ಳುವಂತೆ ಮಾಡಿದರೆ ಪಾತ್ರದ ಬೆನ್ನುಮೂಳೆಯೇ ಮುರಿಯುತ್ತದೆ ಎಂದು ಅವರು ಪುಟ ತೋರಿಸಿ ವಾದಿಸಿದರು. ಬರೆದ ಜೆ. ಮೈಕೆಲ್ ಸ್ಟ್ರಾಜಿನ್ಸ್ಕಿಯವರೇ ಸಂಪಾದಕ ಜೋ ಕೆಸಾಡಾ ಅವರ ತೀರ್ಮಾನಕ್ಕೆ ತಮ್ಮ ಒಪ್ಪಿಗೆ ಇರಲಿಲ್ಲವೆಂದು ಬಹಿರಂಗವಾಗಿ ಹೇಳಿದರು. ಇಲ್ಲಿ ನಂಬಿಕೆಗೆ ಅರ್ಹವಾದದ್ದು ಆ ವಾದ. ಅದನ್ನು ಸಂಬಳದ ವಿಮರ್ಶಕನೊಬ್ಬ ಬರೆದಿದ್ದರೂ ತೂಕ ಕಡಿಮೆಯಾಗುತ್ತಿರಲಿಲ್ಲ.

ವಿಮರ್ಶಕರ ಮೇಲೆ ಹೊರಿಸಬೇಕಾದ ನಿಜವಾದ ದೂರು ಲಂಚದ್ದಲ್ಲ, ಆತುರದ್ದು. ಇಪ್ಪತ್ತು ಪುಟದ ತುಣುಕಿಗೆ ಅದೇ ದಿನ ನಕ್ಷತ್ರ ಹಂಚಿದರೆ, ಮೂವತ್ತು ತುಣುಕುಗಳ ಕಥೆ ಮುಗಿದಾಗ ತಿರುಗಿ ನೋಡುವ ವ್ಯವಧಾನ ಉಳಿಯುವುದಿಲ್ಲ. ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ನಾಲ್ಕು ಪ್ಯಾರಾ ಕಥಾಸಾರ ಬರೆದು, ಚಿತ್ರಕಾರನಿಗೆ ಕೊನೆಯಲ್ಲಿ ಒಂದು ಸಾಲು ಎಸೆಯುತ್ತಾರೆ. ಅಪಾರೋ ಆ ತಾಯಿಯ ಮುಖ ತಿರುಗಿಸದಿದ್ದರೆ ಜೇಸನ್‌ನ ಸಾವು ಬರೀ ಹೊಡೆದಾಟವಾಗಿ ಉಳಿಯುತ್ತಿತ್ತು. ಚಿತ್ರ ನೋಡದೆ ಬರೆದ ಕಾಮಿಕ್ಸ್ ವಿಮರ್ಶೆಯನ್ನು ನಾನು ನಂಬಲಾರೆ, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ.

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನ ಹಳೆಪುಸ್ತಕದಂಗಡಿಗಳಲ್ಲಿ ಈ ಕಥೆಗಳ ಸಂಪುಟಗಳನ್ನು ಹುಡುಕಿ ಕೊಳ್ಳುವವರಿಗೆ ಬಿಡುಗಡೆ ದಿನದ ನಕ್ಷತ್ರಗಳಿಂದಲೂ ಉಪಯೋಗವಿಲ್ಲ, ಆ ವಾರದ ಆಕ್ರೋಶದಿಂದಲೂ ಇಲ್ಲ. ಇಡೀ ಕಥೆ ಓದಿ ಮುಗಿಸಿದವರು, ಎಲ್ಲಿ ಬಿಗಿಯಿದೆ, ಎಲ್ಲಿ ಸಡಿಲವಾಯಿತು, ಪೀಟರ್‌ನ ಅದೇ ಮುಖದ ಮೇಲೆ ಆಟೋನ ತಿರಸ್ಕಾರವನ್ನು ಚಿತ್ರಕಾರರಾದ ರಾಯನ್ ಸ್ಟೆಗ್‌ಮನ್ ಹೇಗೆ ಬಿಡಿಸಿದರು, ಹಂಬರ್ಟೋ ರಾಮೋಸ್ ಹೇಗೆ ಬಿಡಿಸಿದರು ಎಂದು ಪುಟ ತೋರಿಸಿ ಹೇಳಬೇಕು. ಹಾಗೆ ಬರೆಯುವವರು ಹಳೆಯ ಅಭಿಮಾನಿಗಳೇ ಆಗಿದ್ದರೆ ಸಂತೋಷ. ಆ ಪುಸ್ತಕ ಅವರಿಗೆ ಮುಂಗಡ ಪ್ರತಿಯಾಗಿ ಬಂದದ್ದೋ ದುಡ್ಡು ಕೊಟ್ಟು ಕೊಂಡದ್ದೋ ಎಂದು ನಾನು ಕೇಳುವುದಿಲ್ಲ.