ಯೂಸ್‌ನೆಟ್ಟಿನ ನಯ-ನೀತಿ

ನಡೆನುಡಿಯನ್ನು ತಿದ್ದುವ ಕೈಪಿಡಿಗಳನ್ನು ಸಾಹಿತ್ಯವೆಂದು ಎಣಿಸುವ ವಾಡಿಕೆ ನಮ್ಮಲ್ಲಿಲ್ಲ. ಹೇಗೆ ಕುಳಿತುಕೊಳ್ಳಬೇಕು, ಹೇಗೆ ಉಣ್ಣಬೇಕು, ಹಿರಿಯರ ಮುಂದೆ ಎಷ್ಟು ಮಾತನಾಡಬೇಕು ಎಂದು ಹೇಳುವ ಹೊತ್ತಗೆಯನ್ನು ರಸಾನುಭವಕ್ಕಾಗಿ ಯಾರೂ ಕೈಗೆತ್ತಿಕೊಳ್ಳುವುದಿಲ್ಲ. ಆದರೆ ಮುಖ ಕಾಣದ ಜನ ಕಂಪ್ಯೂಟರುಗಳ ಮೂಲಕ ಒಬ್ಬರೊಡನೊಬ್ಬರು ವಾದಿಸಲು ತೊಡಗಿದ ಮೊದಲ ಹದಿನೈದು ವರ್ಷಗಳಲ್ಲಿ ಹುಟ್ಟಿದ ಮೂರು ಬರಹಗಳು ವಿಮರ್ಶಕನ ಗಮನಕ್ಕೆ ತಕ್ಕವೆಂದು ನನಗೆ ತೋರುತ್ತದೆ. ಮೂರೂ ಇಂಗ್ಲಿಷಿನವು. ಮೂರರ ಗುರಿಯೂ ಒಂದೇ. ಒಂದು ನಿಬಂಧನೆಗಳ ಪಟ್ಟಿ, ಇನ್ನೊಂದು ವಿಡಂಬನೆ, ಮತ್ತೊಂದು ಮೂರು ನಾಲ್ಕು ವಾಕ್ಯಗಳ ಎಚ್ಚರಿಕೆಯ ಮಾತು. ಇವುಗಳಲ್ಲಿ ಅತಿ ದೀರ್ಘವಾದದ್ದೇ ಅತಿ ದುರ್ಬಲವಾದದ್ದೂ ಆಗಿರುವುದು ಏಕೆ ಎಂಬ ಪ್ರಶ್ನೆ ವಿಚಾರಾರ್ಹವಾಗಿದೆ.

ಮೊದಲು ರಂಗಸ್ಥಳದ ಪರಿಚಯ. ಯೂಸ್‌ನೆಟ್ ಎಂಬುದು 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾಗಿದ್ದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅವರಿಗೆ ಹೊಳೆದು, ನೆರೆಯ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಸ್ಟೀವ್ ಬೆಲೊವಿನ್ ಅವರ ನೆರವಿನಿಂದ ರೂಪ ತಳೆದು, 1980ರಲ್ಲಿ ಹೊರಗಿನವರಿಗೂ ತೆರೆದ ಏರ್ಪಾಡು. ಇದಕ್ಕೆ ಕೇಂದ್ರ ಕಚೇರಿಯಿಲ್ಲ, ಒಡೆಯನಿಲ್ಲ. ಒಂದೆಡೆಯ ಕಂಪ್ಯೂಟರು ಟೆಲಿಫೋನ್ ತಂತಿಯ ಮೂಲಕ ಇನ್ನೊಂದೆಡೆಯದನ್ನು ಕರೆದು ತನ್ನಲ್ಲಿರುವ ಬರಹಗಳನ್ನು ದಾಟಿಸುವುದು, ಅದು ಮತ್ತೊಂದಕ್ಕೆ ದಾಟಿಸುವುದು; ಹೀಗೆ ಒಂದು ಓಲೆ ಊರೂರು ತಿರುಗಿ, ಹೋದಲ್ಲೆಲ್ಲ ತನ್ನ ಪ್ರತಿಯೊಂದನ್ನು ಬಿಟ್ಟುಹೋಗುವುದು. ವಿಷಯಕ್ಕೊಂದರಂತೆ ನ್ಯೂಸ್‌ಗ್ರೂಪುಗಳು. ಮಧ್ಯಸ್ಥರಿದ್ದ ಕೆಲವನ್ನು ಬಿಟ್ಟರೆ ಉಳಿದವುಗಳಲ್ಲಿ ಬರೆದದ್ದೆಲ್ಲವೂ ಪ್ರಕಟ. ಪತ್ರಿಕೆಯ ವಾಚಕರ ಪತ್ರಗಳಿಗೆ ಸಂಪಾದಕರ ಕತ್ತರಿಯುಂಟು, ಸಭೆಯ ಚರ್ಚೆಗೆ ಅಧ್ಯಕ್ಷರ ಗಂಟೆಯುಂಟು. ಇಲ್ಲಿ ಎರಡೂ ಇಲ್ಲ.

ಆದ್ದರಿಂದ ನಯವನ್ನು ಹಳಬರು ಹೊಸಬರಿಗೆ ಕಲಿಸಬೇಕಾಯಿತು. ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಹೊಸ ವಿದ್ಯಾರ್ಥಿಗಳು ಬಂದಾಗ ಕೆಲವು ವಾರ ಗದ್ದಲವಾಗಿ, ಆಮೇಲೆ ಅಡಗುತ್ತಿತ್ತಂತೆ. (ಹೊಸ ತಂಡ ಬಂದಿಳಿಯುವ ತಿಂಗಳೆಂದರೆ ಏನೆಂಬುದನ್ನು ಉಪನ್ಯಾಸಕ ವೃತ್ತಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.) 1993ರ ಹೊತ್ತಿಗೆ ಹಣ ಕೊಟ್ಟು ಸಂಪರ್ಕ ಪಡೆದ ಸಾರ್ವಜನಿಕರು ತಂಡೋಪತಂಡವಾಗಿ ಬರತೊಡಗಿದರು, ಗದ್ದಲ ಅಡಗಲಿಲ್ಲ. ‘ಮುಗಿಯದ ಸೆಪ್ಟೆಂಬರ್’ ಎಂದು ಹಳಬರು ಅದಕ್ಕೆ ಹೆಸರಿಟ್ಟರು. 1994ರ ಏಪ್ರಿಲಿನಲ್ಲಿ ವಕೀಲ ದಂಪತಿಗಳಿಬ್ಬರು ಅಮೆರಿಕದ ‘ಗ್ರೀನ್ ಕಾರ್ಡ್’ ಕೊಡಿಸುವ ತಮ್ಮ ಜಾಹೀರಾತನ್ನು ಸಾವಿರಾರು ಗುಂಪುಗಳಲ್ಲಿ ಒಮ್ಮೆಗೇ ಸುರಿದದ್ದು ಈ ಕಾಲದ ಕುಖ್ಯಾತ ಪ್ರಸಂಗ.

ಈ ಪ್ರವಾಹದ ನಡುವೆ, 1995ರ ಅಕ್ಟೋಬರಿನಲ್ಲಿ, ನಮ್ಮ ಮೊದಲನೆಯ ಬರಹ ಹೊರಬಂದಿತು. ಇಂಟೆಲ್ ಸಂಸ್ಥೆಯ ಸ್ಯಾಲಿ ಹ್ಯಾಂಬ್ರಿಜ್ ಸಿದ್ಧಪಡಿಸಿದ ಇದರ ಹೆಸರು ‘ನೆಟಿಕೆಟ್ ಗೈಡ್‌ಲೈನ್ಸ್’. ಅಂತರ್ಜಾಲದ ದಾಖಲೆಗಳ ಸಾಲಿನಲ್ಲಿ ಇದು 1855ನೆಯದು. ಇಬ್ಬರ ನಡುವಣ ಪತ್ರವ್ಯವಹಾರ, ಒಬ್ಬರು ಹಲವರಿಗೆ ಬರೆಯುವುದು, ಮಾಹಿತಿ ಸೇವೆಗಳು ಎಂದು ಮೂರು ವಿಭಾಗ. ಇದರಲ್ಲಿ ವಿವೇಕದ ಮಾತುಗಳಿಗೇನೂ ಕೊರತೆಯಿಲ್ಲ. ಕೋಪ ಬಂದಾಗ ಒಂದು ರಾತ್ರಿ ಕಳೆಯಲಿ, ಆಮೇಲೆ ಉತ್ತರಿಸಿ ಎನ್ನುತ್ತದೆ. ಯಾವುದೇ ಗುಂಪಿನಲ್ಲಿ ಬಾಯಿ ತೆರೆಯುವ ಮುನ್ನ ಒಂದೆರಡು ತಿಂಗಳು ಸುಮ್ಮನೆ ಓದಿ ಎನ್ನುತ್ತದೆ. ಹೆಸರಿನ ಕೆಳಗಣ ಸಹಿ ನಾಲ್ಕು ಸಾಲು ಮೀರದಿರಲಿ. ಉತ್ತರಿಸುವಾಗ ಮೂಲ ಬರಹವನ್ನು ಇಡಿಯಾಗಿ ಹೇರದೆ ಸಂದರ್ಭ ತಿಳಿಯುವಷ್ಟನ್ನೇ ಉಳಿಸಿ. ಅಂಚೆ ಕಾರ್ಡಿನ ಮೇಲೆ ಬರೆಯಲು ಅಳುಕುವುದನ್ನು ಮಿಂಚಂಚೆಯಲ್ಲೂ ಬರೆಯಬೇಡಿ. ಈ ಅಂಚೆ ಕಾರ್ಡಿನ ಹೋಲಿಕೆ ನಿಜಕ್ಕೂ ಸೊಗಸಾದದ್ದು. ಇಡೀ ಬರಹದಲ್ಲಿ ಕಣ್ಣಿಗೆ ಕಟ್ಟುವ ಚಿತ್ರಗಳು ಇಂಥವು ಕೆಲವೇ.

ಉಳಿದದ್ದು ವಿಧಿ, ನಿಷೇಧ. ಮಾಡಿ, ಮಾಡಬೇಡಿ, ನೆನಪಿಡಿ, ಎಚ್ಚರವಹಿಸಿ. ಮಹತ್ತ್ವದ ವಿಧಿಗೂ ಕ್ಷುಲ್ಲಕ ವಿಧಿಗೂ ಒಂದೇ ಸ್ವರ. ಒಂದು ಸಾಲು ಅರವತ್ತೈದು ಅಕ್ಷರ ಮೀರಬಾರದೆಂಬುದನ್ನು ಹೇಳುವ ದನಿಯಲ್ಲೇ, ಎದುರಿಗಿರುವವನೂ ಮನುಷ್ಯನೆಂಬುದನ್ನೂ ಹೇಳಿದರೆ ಎರಡನೆಯದರ ತೂಕ ಇಳಿಯದೆ? ಇದಕ್ಕಿಂತ ಮುಖ್ಯವಾದ ದೋಷ ಬೇರೊಂದಿದೆ. ಈ ಕೈಪಿಡಿ ಬಹುಪಾಲು ಬರೆಯುವವರನ್ನೇ ಕುರಿತದ್ದು. ನಯವಿಲ್ಲದವನು ಇದನ್ನು ಓದುವುದಿಲ್ಲ. ಓದುವವನಿಗೆ ಇದರ ಅಗತ್ಯ ಅಷ್ಟಾಗಿ ಇಲ್ಲ. ನೀತಿಗ್ರಂಥಗಳಿಗೆಲ್ಲ ಅಂಟಿದ ಶಾಪವಿದು.

ಎರಡನೆಯ ಬರಹ ಈ ಶಾಪವನ್ನು ಬಲ್ಲದು. ಬ್ರ್ಯಾಡ್ ಟೆಂಪಲ್‌ಟನ್ ಬರೆದ ಇದರ ನಾಯಕಿ ಕುಮಾರಿ ಎಮಿಲಿ ಪೋಸ್ಟ್‌ನ್ಯೂಸ್. ಸಭ್ಯಾಚಾರವನ್ನು ಕುರಿತು 1922ರಲ್ಲಿ ಗ್ರಂಥ ಬರೆದು ಅಮೆರಿಕದಲ್ಲಿ ಮನೆಮಾತಾದ ಎಮಿಲಿ ಪೋಸ್ಟ್ ಅವರ ಹೆಸರನ್ನು ತಿರುಚಿದ್ದು ಇದು. ಜನ ಪ್ರಶ್ನೆ ಕೇಳುತ್ತಾರೆ. ಎಮಿಲಿ ಅಷ್ಟೇ ಗಂಭೀರವಾಗಿ ತಪ್ಪು ಉತ್ತರ ಕೊಡುತ್ತಾಳೆ. ಸಹಿ ಎಷ್ಟುದ್ದವಿರಬೇಕು? ಆದಷ್ಟೂ ಉದ್ದವಿರಲಿ, ಬರಹಕ್ಕಿಂತ ಅದೇ ಮುಖ್ಯ. ಬರಹದೊಡನೆ ಸಹಿ ಹಾಕಲು ಮರೆತೆ, ಏನು ಮಾಡಲಿ? ಓಡಿಹೋಗಿ ಸಹಿಯನ್ನು ಮಾತ್ರ ಹೊತ್ತ ಇನ್ನೊಂದು ಬರಹವನ್ನು ಜಗತ್ತಿಗೆಲ್ಲ ಕಳುಹಿಸು. ನಮ್ಮ ಆಲಂಕಾರಿಕರು ಇದನ್ನು ವಿಪರೀತಲಕ್ಷಣೆಯ ಕಕ್ಷೆಗೆ ಸೇರಿಸುತ್ತಿದ್ದರು. ವ್ಯಾಜಸ್ತುತಿಯೂ ಇದರ ನೆರೆಯದೇ. ಹೊಗಳಿದಂತೆ ತೋರುವ ಮಾತು ತೆಗಳುತ್ತದೆ. ಓದುಗ ನಗುತ್ತ ನಗುತ್ತ ತನ್ನ ಮುಖವನ್ನೇ ಅಲ್ಲಿ ಕಾಣುತ್ತಾನೆ. ‘ಮಾಡಬೇಡ’ ಎಂಬ ಒಂದು ಮಾತೂ ಇಲ್ಲದೆ ಹ್ಯಾಂಬ್ರಿಜ್ ಅವರು ಹೇಳಿದ್ದರಲ್ಲಿ ಎಷ್ಟನ್ನೋ ಎಮಿಲಿ ಹೇಳಿಬಿಟ್ಟಿದ್ದಾಳೆ.

ಮೂರನೆಯದು ಪುಸ್ತಕವೂ ಅಲ್ಲ, ಪ್ರಬಂಧವೂ ಅಲ್ಲ. ನ್ಯೂಸ್‌ಗ್ರೂಪುಗಳನ್ನು ಓದಲು ಪ್ರತ್ಯೇಕ ತಂತ್ರಾಂಶ ಬೇಕು; ಅದಕ್ಕೆ ನ್ಯೂಸ್‌ರೀಡರ್ ಎಂದು ಹೆಸರು. ಭಾಷಾಶಾಸ್ತ್ರದ ಹಿನ್ನೆಲೆಯಿಂದ ಬಂದ ಲ್ಯಾರಿ ವಾಲ್ 1984ರಲ್ಲಿ ‘ಆರ್‌ಎನ್’ ಎಂಬ ನ್ಯೂಸ್‌ರೀಡರನ್ನು ಬರೆದರು. ಅದರ ಜೊತೆಯಲ್ಲಿದ್ದ, ಬರಹವನ್ನು ಕಳುಹಿಸುವ ಉಪಕರಣ ಪ್ರತಿಸಲವೂ ತಡೆದು ಕೇಳುತ್ತಿತ್ತು: ನಿಮ್ಮ ಮಾತು ನಾಗರಿಕ ಜಗತ್ತಿನ ಸಾವಿರಾರು ಯಂತ್ರಗಳಿಗೆ ಹೋಗಲಿದೆ, ಅದಕ್ಕೆ ನೂರಾರು, ಬಹುಶಃ ಸಾವಿರಾರು ಡಾಲರು ಖರ್ಚಾಗಲಿದೆ, ನಿಜವಾಗಿಯೂ ಕಳುಹಿಸಬೇಕೆ? ಭಾವಾರ್ಥ ಇಷ್ಟೆ. ಹೌದು ಅಥವಾ ಇಲ್ಲ ಎಂದು ಕೀಲಿ ಒತ್ತಬೇಕು. ಔಚಿತ್ಯವೇ ಕಾವ್ಯದ ಜೀವವೆಂದು ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ವಾದಿಸಿದ ಕ್ಷೇಮೇಂದ್ರನ ದೃಷ್ಟಿಯಿಂದ ನೋಡಿದರೆ ಮೂರರಲ್ಲಿ ಇದಕ್ಕೇ ಅಗ್ರಸ್ಥಾನ. ಮಾತು ಚಿಕ್ಕದು, ಆದರೆ ಅದು ಬಂದ ಗಳಿಗೆ ಅದ್ಭುತ. ಬೆರಳು ಕೀಲಿಯ ಮೇಲಿರುವಾಗ, ಇನ್ನೂ ಹಿಂದೆಗೆಯಲು ಅವಕಾಶವಿರುವಾಗ ಅದು ಕಿವಿಯಲ್ಲಿ ಉಸುರುತ್ತದೆ.

ನಾನು ಹೇಳಬೇಕೆಂದಿರುವ ವಿಷಯ ಇಲ್ಲಿದೆ. ಯೂಸ್‌ನೆಟ್ಟಿನಲ್ಲಿ ನಯ ಎಷ್ಟಾದರೂ ಉಳಿದಿತ್ತೆಂದರೆ ಅದು ನಿಬಂಧನೆಗಳಿಂದ ಉಳಿದದ್ದಲ್ಲ; ಓದುವವರ ಕೈಯಲ್ಲಿದ್ದ ಉಪಕರಣದಿಂದ. ಆರ್‌ಎನ್‌ನಲ್ಲಿ ‘ಕಿಲ್ ಫೈಲ್’ ಎಂಬುದೊಂದಿತ್ತು. ಯಾರ ಬರಹ ಬೇಡವೋ ಅವರ ಹೆಸರನ್ನೋ, ಯಾವ ವಿಷಯ ಸಾಕೆನಿಸಿತೋ ಅದರ ಶೀರ್ಷಿಕೆಯನ್ನೋ ಅದರಲ್ಲಿ ಬರೆದಿಟ್ಟರೆ ಅಂಥವು ಮತ್ತೆ ಕಣ್ಣಿಗೆ ಬೀಳವು. ಹಾಗೆ ಒಬ್ಬರನ್ನು ಕಿಲ್ ಫೈಲಿಗೆ ಹಾಕಿದಾಗ ‘ಪ್ಲಾಂಕ್’ ಎಂದು ಒಂದೇ ಪದ ಬರೆದು ತಿಳಿಸುವ ರೂಢಿಯೂ ಹುಟ್ಟಿತು. ಹೆಸರು ತಳ ಮುಟ್ಟಿದ ಸದ್ದಂತೆ ಅದು. ಬರೆಯುವವನ ಬಾಯನ್ನು ಯಾರೂ ಕಟ್ಟಲಿಲ್ಲ. ಅವನು ಬರೆಯುತ್ತಲೇ ಇರಬಹುದು. ಆದರೆ ನನ್ನ ಮನೆಯ ಕದ ಹಾಕುವುದು ನನ್ನ ಕೈಲಿತ್ತು. ಕೇಳುವವನ ಹಕ್ಕನ್ನು ಇಷ್ಟು ನಿರಾಡಂಬರವಾಗಿ ಗೌರವಿಸಿದ ಚರ್ಚಾಕೂಟ ಇನ್ನೊಂದನ್ನು ನಾನರಿಯೆ.

1990ರ ದಶಕದಲ್ಲಿ ಕೆಲವರು ಈ ಸತ್ಯವನ್ನು ಮನಗಂಡು, ಮನುಷ್ಯರಿಗೆ ಬದಲಾಗಿ ತಂತ್ರಾಂಶಗಳಿಗೇ ನಯದ ಪರೀಕ್ಷೆಯೊಂದನ್ನು ಏರ್ಪಡಿಸಿದರು. ‘ಗುಡ್ ನೆಟ್‌ಕೀಪಿಂಗ್ ಸೀಲ್ ಆಫ್ ಅಪ್ರೂವಲ್’ ಎಂದು ಅದರ ಹೆಸರು. ಗುಂಪಿಗೆ ಉತ್ತರಿಸುವುದಕ್ಕೂ ಬರೆದವರಿಗೆ ಖಾಸಗಿಯಾಗಿ ಉತ್ತರಿಸುವುದಕ್ಕೂ ಸ್ಪಷ್ಟವಾಗಿ ಬೇರೆ ಬೇರೆ ಆಜ್ಞೆಗಳಿವೆಯೆ? ಉದ್ಧರಿಸಿದ ಮಾತು ಯಾರದೆಂದು ತಿಳಿಯುವುದೆ? ಕಳುಹಿಸಿದ್ದನ್ನು ಹಿಂದೆಗೆಯಬಹುದೆ? ಇಂಥವು ಪ್ರಶ್ನೆಗಳು. ಇದರ ವಿವೇಕ ಎಂಥದೆಂದು ತಿಳಿಯಬೇಕಾದರೆ ಮೈಕ್ರೋಸಾಫ್ಟಿನ ‘ಔಟ್‌ಲುಕ್ ಎಕ್ಸ್‌ಪ್ರೆಸ್’ ಮಾಡಿದ್ದನ್ನು ನೋಡಬೇಕು. ಉತ್ತರಿಸಲು ಹೊರಟವರಿಗೆ ಅದು ಹಳೆಯ ಬರಹವನ್ನೆಲ್ಲ ಕೆಳಗೆ ಹಾಸಿ, ಬರೆಯುವ ಜಾಗವನ್ನು ಮೇಲೆ ತೋರಿಸಿತು. ಪ್ರಶ್ನೆಗಿಂತ ಮೊದಲೇ ಉತ್ತರ, ಅದರಡಿಯಲ್ಲಿ ಯಾರೂ ಓದದ ಬಾಲ! ಜನ ಅಸಭ್ಯರಾಗಲಿಲ್ಲ, ಉಪಕರಣ ಹಾಗೆ ಅವರ ಕೈ ಹಿಡಿದು ಬರೆಸಿತು.

ಈಗಲೂ ಯೂಸ್‌ನೆಟ್ ಇದೆ, ಕ್ಷೀಣವಾಗಿ. ತೊಟ್ಟಿಲು ತೂಗಿದ ಡ್ಯೂಕ್ ವಿಶ್ವವಿದ್ಯಾಲಯವೇ 2010ರಲ್ಲಿ ತನ್ನ ಸರ್ವರನ್ನು ಮುಚ್ಚಿತು. ಗೂಗಲ್ ಗ್ರೂಪ್ಸ್ 2024ರ ಫೆಬ್ರುವರಿ 22ರಂದು ಹೊಸ ಬರಹಗಳ ಸಾಗಣೆಯನ್ನು ನಿಲ್ಲಿಸಿತು. ಆದರೂ ಅಲ್ಲಿ ಇಣುಕಬಯಸುವವರು ಯಾವ ನ್ಯೂಸ್‌ರೀಡರನ್ನು ಆರಿಸಬೇಕು? ಬೆಲೆಯಿಲ್ಲದೆ ಸಿಗುವವು, ಮೂಲವನ್ನು ಯಾರಾದರೂ ತೆರೆದು ತಿದ್ದಬಹುದಾದವು ಹಲವಿವೆ. ‘ಥಂಡರ್‌ಬರ್ಡ್’ ಮಿಂಚಂಚೆಗೆ ಒಗ್ಗಿದವರಿಗೆ ಸುಲಭ, ಆದರೆ ಅದಕ್ಕೆ ನ್ಯೂಸ್‌ಗ್ರೂಪು ಮಲಮಗು. ‘ಪ್ಯಾನ್’ ಇದೇ ಕೆಲಸಕ್ಕೆ ಹುಟ್ಟಿದ್ದು. ಬರಹಗಳಿಗೂ ಬರೆದವರಿಗೂ ಅಂಕ ಕೊಟ್ಟು, ಬೇಕಾದದ್ದನ್ನು ಮೇಲೆತ್ತಿ ಬೇಡದ್ದನ್ನು ಮರೆಮಾಡುವ ಸೌಕರ್ಯ ಅದರಲ್ಲಿದೆ. ನನ್ನ ಮತ ಅದಕ್ಕೆ. ‘ಎಸ್‌ಎಲ್‌ಆರ್‌ಎನ್’, ‘ಟಿನ್’ ಬರಿಯ ಅಕ್ಷರಗಳ ಪರದೆಗೆ ಅಂಜದವರಿಗೆ. ‘ಗ್ನಸ್’ ಎಲ್ಲಕ್ಕಿಂತ ಸಮರ್ಥ. ಆದರೆ ಅದು ‘ಈಮ್ಯಾಕ್ಸ್’ ಎಂಬ ಇನ್ನೊಂದು ತಂತ್ರಾಂಶದ ಒಳಗೇ ನಡೆಯುವುದರಿಂದ, ಮನೆ ಬಾಡಿಗೆಗೆ ಕೇಳಲು ಹೋದವನು ಊರನ್ನೇ ಕೊಂಡಂತಾದೀತು. ಯಾವುದನ್ನಾದರೂ ಆರಿಸಿರಿ, ಬೇಡವಾದಾಗ ಬದಲಾಯಿಸಿರಿ. ಚರ್ಚೆ ಅದೇ ಇರುತ್ತದೆ, ನೋಡುವ ಕನ್ನಡಕ ಮಾತ್ರ ಬದಲಾಗುತ್ತದೆ.

ಇಂದು ನಾವೆಲ್ಲ ಸೇರಿರುವ ವಾಟ್ಸ್‌ಆ್ಯಪ್ ಬಳಗಗಳಲ್ಲಿ ಈ ಸ್ವಾತಂತ್ರ್ಯವಿದೆಯೆ? ಬಳಗದ ಸದ್ದನ್ನು ಅಡಗಿಸಬಹುದು, ಬಳಗವನ್ನೇ ಬಿಡಬಹುದು. ಒಬ್ಬ ವ್ಯಕ್ತಿಯನ್ನು ‘ಬ್ಲಾಕ್’ ಮಾಡಿದರೂ ಬಳಗದಲ್ಲಿ ಅವರ ಮಾತು ಬರುತ್ತಲೇ ಇರುತ್ತದೆ. ಬೇಡದ ಬರಹವನ್ನು ಅಳಿಸುವ ಅಧಿಕಾರ ‘ಅಡ್ಮಿನ್’ ಅವರದು, ಓದುಗನದಲ್ಲ. ನಾನಿರುವ ಅಧ್ಯಾಪಕರ ಬಳಗವೊಂದರಲ್ಲಿ ದಿನ ಬೆಳಗಾದರೆ ಹೂಗಳ ಚಿತ್ರದ ಶುಭೋದಯಗಳು. ಅವುಗಳ ನಡುವೆ ಪರೀಕ್ಷೆಯ ಸುತ್ತೋಲೆಯನ್ನು ಹುಡುಕಬೇಕು. ನಿಯಮಗಳ ಪಟ್ಟಿಯೊಂದನ್ನು ಆಗಾಗ ಹಾಕುತ್ತಾರೆ. ಅದನ್ನು ಹಾಕಿದವರಿಗೆ ಕೈಮುಗಿಯುವ ಚಿತ್ರಗಳು ಐವತ್ತು ಬರುತ್ತವೆ.

ಇನ್ನು ನಮ್ಮ ಭಾಷೆಯ ಪಾಡು. 1990ರ ದಶಕದಲ್ಲಿ ಯೂಸ್‌ನೆಟ್ಟಿನಲ್ಲಿ ಕರ್ನಾಟಕದ ಹೆಸರಿನಲ್ಲೇ ಒಂದು ಗುಂಪಿತ್ತು: ‘ಸೋಕ್.ಕಲ್ಚರ್.ಇಂಡಿಯನ್.ಕರ್ನಾಟಕ’. ಪರದೆಯ ಮೇಲೆ ಕನ್ನಡ ಲಿಪಿ ಮೂಡದಿದ್ದ ಆ ಕಾಲದಲ್ಲಿ ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕಿತ್ತು. ಣ, ಳ, ಟ, ಡ ಬಂದಾಗ ದೊಡ್ಡಕ್ಷರ ಬಳಸುವುದು ಒಂದು ಪದ್ಧತಿ. ದೊಡ್ಡಕ್ಷರಗಳಲ್ಲಿ ಬರೆದರೆ ಕಿರುಚಿದಂತೆ ಎಂದು ಹ್ಯಾಂಬ್ರಿಜ್ ಅವರ ಕೈಪಿಡಿ ಹೇಳುತ್ತದೆ. ಇಡೀ ಬರಹವನ್ನು ಹಾಗೆ ಬರೆಯುವವರನ್ನು ಕುರಿತ ಮಾತದು, ನಿಜ. ಆದರೆ ದೊಡ್ಡಕ್ಷರಕ್ಕೆ ದನಿಯ ಏರಿಳಿತವಲ್ಲದೆ ಬೇರೆ ಕೆಲಸವೂ ಇರಬಹುದೆಂಬ ಕಲ್ಪನೆ ಅಲ್ಲಿಲ್ಲ. ದೊಡ್ಡಕ್ಷರ ಬಿಟ್ಟರೆ ನಮ್ಮ ಹಳ್ಳಿ ಹಲ್ಲಿಯಾಗುತ್ತದೆ, ಬಾಳೆ ಬಾಲೆಯಾಗುತ್ತಾಳೆ.

ಇದಕ್ಕಿಂತ ಆಳವಾದ ತೊಡಕು ವಚನದ್ದು. ಇಂಗ್ಲಿಷಿನ ‘ಯು’ ಎಲ್ಲರಿಗೂ ಒಂದೇ. ಕನ್ನಡದಲ್ಲಿ ಬಾಯಿ ತೆರೆಯುವ ಮುನ್ನವೇ ನೀನು-ನೀವು ತೀರ್ಮಾನವಾಗಬೇಕು. ಅದಕ್ಕೆ ಎದುರಿಗಿರುವವರ ವಯಸ್ಸು, ಸಲಿಗೆ ತಿಳಿದಿರಬೇಕು. ಮುಖ ಕಾಣದ ಚರ್ಚೆಯಲ್ಲಿ ಅವೆರಡೂ ತಿಳಿಯವು. ‘ಎಂದಿದ್ದಾರೆ’ ಎನ್ನಬೇಕಾದಲ್ಲಿ ‘ಎಂದಿದ್ದಾನೆ’ ಎಂದರೆ ಮುಗಿಯಿತು. ವಾದದ ವಿಷಯ ಬದಿಗೆ ಸರಿದು, ಏಕವಚನ ಬಳಸಿದ್ದೇ ವಿಷಯವಾಗುತ್ತದೆ. ಇದೇ ಬಹುವಚನದಿಂದ ಒಂದು ಲಾಭವೂ ಉಂಟು. ಬರೆದವರು ಗಂಡಸೋ ಹೆಂಗಸೋ ತಿಳಿಯದಾಗ ಇಂಗ್ಲಿಷಿನವರು ‘ಹೀ’, ‘ಶೀ’ಗಳ ನಡುವೆ ತಡವರಿಸುತ್ತಿದ್ದರು, ನಾವು ‘ಅವರು’ ಎಂದು ನಿಶ್ಚಿಂತೆಯಿಂದ ಮುಂದುವರಿಯಬಹುದು. ಆದರೆ ಗೌರವವಾಚಕವೇ ಚುಚ್ಚುಗೋಲಾಗುವುದೂ ಕನ್ನಡದಲ್ಲಿ ಹೊಸದಲ್ಲ. ‘ಸ್ವಾಮಿ’, ‘ಮಹನೀಯರು’, ‘ತಾವು’ ಇವು ಯಾವಾಗ ನಮಸ್ಕಾರ, ಯಾವಾಗ ಪೆಟ್ಟು ಎಂಬುದನ್ನು ಯಾವ ಕಿಲ್ ಫೈಲೂ ಗುರುತಿಸದು, ಯಾವ ನಿಬಂಧನೆಯೂ ಹಿಡಿಯದು.

ಅಲ್ಲಿಗೆ ಬೇಕಾದದ್ದು 1855ನೆಯ ದಾಖಲೆಯ ಅನುವಾದವಲ್ಲ, ಎಮಿಲಿಯ ಕನ್ನಡ ಅವತಾರ. ಸಮರ್ಥರು ಯಾರಾದರೂ ಕೈಹಾಕಬೇಕು. ಮೊದಲನೆಯ ಪತ್ರವನ್ನು ಮಾತ್ರ ನಾನು ಊಹಿಸಬಲ್ಲೆ. ಎದುರಾಳಿಯನ್ನು ಏಕವಚನದಲ್ಲಿ ಬಯ್ಯಬಹುದೆ ಎಂದು ಯಾರೋ ಕೇಳಿದ್ದಾರೆ. ಎಮಿಲಿಯಮ್ಮನ ಉತ್ತರ: “ಛೆ, ಛೆ, ಎಂದಿಗೂ ಕೂಡದು! ‘ತಮ್ಮಂಥ ಪಂಡಿತರಿಗೆ ನಾನೇನು ಹೇಳಲಿ’ ಎಂದು ಪ್ರಾರಂಭಿಸಿರಿ. ಅವರಿಗೆ ತಾಗಬೇಕಾದದ್ದು ತಾಗುತ್ತದೆ. ನಿಮ್ಮ ಮೇಲೆ ದೂರೂ ಬಾರದು.”